ರಾಂಜಣಗಾಂವಿನ ಗುಂಡುಪಿನ್ನು

ಈ ಖಂಡದಲ್ಲಿ ಪ್ರವಾಸ ಹೇಗೆ ಬೆಳೆಯಿತು ಎಂದು ಯಾರನ್ನಾದರೂ ಕೇಳಿ, ಒಂದೇ ಪಾಠ ಒಪ್ಪಿಸುತ್ತಾರೆ. ಮೊದಲು ಯಾತ್ರಿಕ ನಡೆದ, ಆಮೇಲೆ ವ್ಯಾಪಾರಿ ಒಂಟೆ ಹೊಡಕೊಂಡು ಬಂದ, ಆಮೇಲೆ ಸಾಹೇಬ ರೈಲು ತಂದ, ಈಗ ನಾವು ವಿಮಾನ ಹತ್ತಿ ಬ್ಯಾಂಕಾಕಿಗೆ ಹೋಗುತ್ತೇವೆ. ಚಪ್ಪಾಳೆ. ಅಲ್ಲ, ರೈಲನ್ನು ಸಾಹೇಬ ತಲೆಯ ಮೇಲೆ ಹೊತ್ತು ತಂದನೇ? ಹಳಿಗೆ ಜಲ್ಲಿ ಸುರಿಯಲು ಊರು ಬಿಟ್ಟು ಬಂದವರು ಎಲ್ಲಿಗೂ ಹೋಗಲೇ ಇಲ್ಲವೇ?

ಹೋದ ವರ್ಷ ಪುಣೆಯ ನಮ್ಮ ಕನ್ನಡ ಸಂಘದಲ್ಲಿ ಇದೇ ಪಾಠದ ಉಪನ್ಯಾಸವಿತ್ತು. ಹೇಳಿದವರು ಧಾರವಾಡದ ಕಡೆಯ ನಿವೃತ್ತ ಅಧಿಕಾರಿ, ದೇಶ ವಿದೇಶ ಸುತ್ತಿದವರು. ಮುಗಿದ ಮೇಲೆ ಒಂದು ಆಟ: ಗೋಡೆಯ ಮೇಲೆ ಏಷ್ಯಾದ ನಕಾಶೆ, ಪಕ್ಕದಲ್ಲಿ ಪುಣೆ ಜಿಲ್ಲೆಯದು, ದೂರ ಹೋಗದವರಿಗಾಗಿ. ಪ್ರವಾಸ ಹೋದ ಊರಿಗೆ ಒಂದು ಕೆಂಪು ಗುಂಡುಪಿನ್ನು ಚುಚ್ಚಬೇಕು.

ಈ ಆಟಕ್ಕೆಂದೇ ಅವ್ವ ಬಂದಿದ್ದಳು. ಹಿಂದಿನ ದಿನ ನನ್ನ ಮೊಬೈಲಿನ ಮೇಲೆ ಬೆರಳಿಟ್ಟು "ರಾಂಜಣಗಾಂವ ಎಲ್ಲದ ತೋರ್ಸು" ಎಂದು ಗುರುತು ಮಾಡಿಕೊಂಡಿದ್ದಳು. ಯಾದಗಿರಿ ಕಡೆಯಿಂದ ಹರೆಯದಲ್ಲಿ ಬಂದು, ಪುಣೆಯಿಂದ ರಾಂಜಣಗಾಂವಿನ ಮೇಲೆ ಹಾಯುವ ನಗರ್ ರಸ್ತೆಗೆ ಡಾಂಬರು ಹಾಕಿದವಳು; ಈಗ ಅದೇ ರಸ್ತೆಯ ಮೇಲೆ ದಿನಾ ಬಸ್ಸು ಹಿಡಿದು ರಾಂಜಣಗಾಂವಿನ ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ.

ಅವಳ ಮುಂದಿದ್ದ ದಂಪತಿ ಅಷ್ಟವಿನಾಯಕ ಯಾತ್ರೆ ಮುಗಿಸಿದವರು; ಆ ಎಂಟು ಗಣಪತಿ ಗುಡಿಗಳಲ್ಲಿ ಒಂದು ರಾಂಜಣಗಾಂವಿನಲ್ಲಿದೆ. ಅಲ್ಲಿಗೆ ನಗರ್ ರಸ್ತೆಯ ಬಸ್ಸಿನಲ್ಲೇ ಹೋಗಿದ್ದೆವು ಎನ್ನುತ್ತ ಅದೇ ಊರಿಗೆ ಪಿನ್ನು ಚುಚ್ಚಿ ಫೋಟೋ ತೆಗೆಸಿಕೊಂಡರು. ಅವ್ವನ ಸರದಿ.

"ನಿಮ್ದೂ ರಾಂಜಣಗಾಂವನ? ಭಾಳ ಛಲೋ. ದರ್ಶನ ಚೆಂದ ಆತೇನ್ರಿ?" ಎಂದರು ಅಧಿಕಾರಿ.

"ದರ್ಶನ ಎಲ್ಲಿದ್ರಿ, ಡ್ಯೂಟಿ!"

ಅವರು ನಗುತ್ತಲೇ ಪಿನ್ನಿನ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡರು. "ಅದು ನೌಕರಿ ಆತ್ರಿ ತಾಯಿ. ಪ್ರವಾಸ ಅಲ್ಲ."

"ಯಾಕಲ್ರೀ? ಬಸ್ಸಿನ್ಯಾಗ ದೊಡ್ಡದಾಗಿ ಬರದಾರಲ್ಲ, ಪ್ರವಾಸಿ ಅಂತ. ಟಿಕೇಟು ತಗೊಂಡಾಕಿ ನಾ. ಮತ್ತ ಯಾರಿಗಂದಾರ ಅದು?"

ಸಭೆ ಗೊಳ್ಳೆಂದಿತು. ಹಿಂದಿನಿಂದ ಒಬ್ಬರು, "ಕನ್ನಡಕ್ಕ ಮರಾಠಿ ಸುರದು ಮಿಸಳ ಮಾಡಿದ್ರಲ್ರೀ ಅಕ್ಕಾರ!"

ಹೌದು, ತಪ್ಪಿದ್ದಳು. ಮರಾಠಿಯಲ್ಲಿ ಬಸ್ಸು ಹತ್ತಿದವರೆಲ್ಲ ಪ್ರವಾಸಿ. ನಮ್ಮ ಕನ್ನಡದಲ್ಲಿ ಊರು ನೋಡಲು ಹೋದವರು ಮಾತ್ರ. ಅವ್ವ ಅಕ್ಷರ ಕಲಿತದ್ದೇ ಬಸ್ಸಿನ ಬೋರ್ಡು ಓದಿ. ಆದರೆ ಇಬ್ಬರಿಗೂ ಆ ಪದ ಸಾಲ ಕೊಟ್ಟ ಸಂಸ್ಕೃತವನ್ನು ಸಾಕ್ಷಿಗೆ ಕರೆಯೋಣ: ಪ್ರವಾಸ ಎಂದರೆ ಮನೆ ಬಿಟ್ಟು ದೂರ ಇರುವುದು. ಆ ಅರ್ಥ ಹಿಡಿದರೆ ಇಡೀ ಸಭೆಯಲ್ಲಿ ಅವ್ವನಷ್ಟು ಹಿರಿಯ ಪ್ರವಾಸಿ ಇನ್ನೊಬ್ಬರಿರಲಿಲ್ಲ. ನಕ್ಕವರಲ್ಲಿ ಅರ್ಧ ಜನ ಬಾಗಲಕೋಟೆ, ವಿಜಯಪುರ ಬಿಟ್ಟು ಬಂದವರೇ. ಅವರಿಗೂ ಈ ಮಾತು ಅನ್ವಯಿಸುತ್ತದೆ, ಬೇಡವೆಂದರೂ.

ಅವ್ವ ಚಾಚಿದ ಕೈ ಹಿಂದೆ ತಗೊಂಡು, ಸೆರಗು ಸರಿಮಾಡಿಕೊಂಡು, "ನಡಿ, ಹೋಗೂಣು" ಎಂದಳು. ನಾನು ಕದಲಲಿಲ್ಲ. ಡಬ್ಬಿಯ ಮೇಲೆ ಕೈಯಿಟ್ಟೆ.

"ಒಂದು ಕೇಳ್ತೀನ್ರಿ ಸರ. ಆ ದಂಪತಿ, ನಮ್ಮವ್ವ, ಇಬ್ಬರದೂ ಅದ ರಸ್ತೆ, ಅದ ಬಸ್ಸು, ಅದ ಸ್ಟಾಪು. ಇಳದ ಮ್ಯಾಲ ಅವರು ಗುಡಿ ಕಡೆ ಹೊಳ್ಳಿದ್ರು, ಈಕಿ ಗೇಟಿನ ಕಡೆ. ಯಾವ ಹೆಜ್ಜಿಗೆ ನಮ್ಮವ್ವ ಪ್ರವಾಸಿ ಅಲ್ಲ ಅಂತ ಆದಳು?"