ತೋಡಿಗೊಂದು ಮುನ್ನುಡಿ

ದಕ್ಷಿಣಾಮೂರ್ತಿಗೆ ಹಾಡಲು ಬರುತ್ತಿರಲಿಲ್ಲ; ಆ ಕೊರತೆಯನ್ನು ಅವರು ಮಾತಿನಿಂದ ತುಂಬಿಕೊಂಡಿದ್ದರು. ಹಾಡು ಬರುತ್ತಿದ್ದದ್ದು ಹೆಂಡತಿ ಅನಸೂಯಾಗೆ. ಮೈಸೂರಿನಲ್ಲಿ ಕಛೇರಿ ಮಾಡುತ್ತಿದ್ದಾಕೆ, ಗಂಡನ ಬ್ಯಾಂಕಿನ ವರ್ಗಾವಣೆಗಳ ಬೆನ್ನಿಗೆ ವಿಜಯವಾಡದ ಭವಾನಿಪುರಂ ಕಂಡು, ಈಗ ವಿಶಾಖಪಟ್ಟಣದಲ್ಲಿ ಕುಕ್ಕರಿನ ಸೀಟಿಯ ನಡುವೆ ಹಾಡಿಕೊಳ್ಳುತ್ತಿದ್ದರು.

ಊರಾಚೆಯ ಪರವಾಡದ ಔಷಧ ಕಾರ್ಖಾನೆಯೊಂದರ ತಪಾಸಣೆಗೆ ಬಂದ ವಿದೇಶಿಯರು ನಮ್ಮ ಸಂಗೀತ ಕೇಳಬೇಕೆಂದರಂತೆ. ಅಲ್ಲಿ ಕೆಲಸಕ್ಕಿದ್ದ ಮಂಡ್ಯದ ಶ್ರೀವತ್ಸ ಇವರ ಮನೆಗೇ ಕರೆತರುವುದೆಂದು ಗೊತ್ತುಮಾಡಿದ. ಎಷ್ಟೋ ವರ್ಷದ ಮೇಲೆ ಕೇಳುಗರು! ಅನಸೂಯಾ ವಾರವಿಡೀ ಮೊಸರು ಬಿಟ್ಟು ತೋಡಿ ರಾಗ ಸಾಧಿಸಿದರು.

"ಎರಡು ಮಾತು ಹೇಳಿ ಕೂತ್ಕೋತೀನಿ ಕಣೇ. ಪಾಪ, ಅವರಿಗೆ ತಲೆಬುಡ ಗೊತ್ತಾಗಬೇಡ್ವಾ?"

"ಎರಡೇ ತಾನೆ?"

ಆ ಎರಡು ಮಾತು ಸಾಮವೇದದಿಂದ ಹೊರಟಿತು. ಗಾಂಧಾರ ತಲುಪುವಷ್ಟರಲ್ಲಿ ಉಪ್ಪಿಟ್ಟು ಆರಿತ್ತು. ಗಮಕವೆಂದರೇನೆಂದು ದಕ್ಷಿಣಾಮೂರ್ತಿ ಭುಜ ಕುಣಿಸಿ ತೋರಿಸಿದರು, ಅತಿಥಿಗಳು ಬರೆದುಕೊಂಡರು. ಎದುರಿಗೆ ಕೂತವರು ಬರೆದುಕೊಳ್ಳತೊಡಗಿದರೆ ಯಾವ ಗಂಡಸು ಮಾತು ನಿಲ್ಲಿಸಿಯಾನು? ತಂಬೂರಿ ಹಿಡಿದಿದ್ದ ಅನಸೂಯಾ ಕೆಮ್ಮಿದರು. ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಗಂಡ ತಾಳದ ವಿಷಯಕ್ಕೆ ಬಂದರು.

ಕೆಳಗೆ ಕಂಪನಿ ಬಸ್ಸು ಹಾರ್ನ್ ಹೊಡೆಯಿತು.

"ಅಂಕಲ್, ಫ್ಲೈಟಿಗೆ ಹೊತ್ತಾಯ್ತು. ಐದೇ ನಿಮಿಷ ಅಂಡಿ," ಎಂದ ಶ್ರೀವತ್ಸ, ಅವಸರಕ್ಕೆ ತೆಲುಗು ಬೆರೆಸಿ.

ತೋಡಿ ಐದು ನಿಮಿಷದ ರಾಗವಲ್ಲ. ಹಾಗೆಂದು ಶ್ರುತಿ ಹಿಡಿದು ಕೂತವರು ಮಂಗಳ ಹಾಡದೆ ಏಳುವಂತೆಯೂ ಇಲ್ಲ. ಅನಸೂಯಾ ಶುರುವೇ ಆಗದ ಕಛೇರಿಗೆ ಮಂಗಳ ಹಾಡಿ ತಂಬೂರಿ ಕೆಳಗಿಟ್ಟರು. ಜೋರು ಚಪ್ಪಾಳೆ ಬಿತ್ತು. ಅತಿಥಿಗಳೆಲ್ಲ ದಕ್ಷಿಣಾಮೂರ್ತಿಯ ಕೈ ಕುಲುಕಿದರು.

ಮರುದಿನ ದಕ್ಷಿಣಾಮೂರ್ತಿಯ ಮೊಬೈಲಿಗೆ ಅತಿಥಿಗಳ ಸಂದೇಶ ಬಂತು: ನಿಮ್ಮ ಉಪನ್ಯಾಸ ಅದ್ಭುತ, ನಿಮ್ಮ ಶ್ರೀಮತಿಯವರೂ ಸ್ವಲ್ಪ ಹಾಡುತ್ತಾರೆಂದು ತಿಳಿದು ಸಂತೋಷ.

ಆ 'ಸ್ವಲ್ಪ' ಬ್ಯಾಂಕಿನಲ್ಲಿ ದಿನವಿಡೀ ಅವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಅವರು ಮೀನು ತಿಂದವರಲ್ಲ, ಹೀಗೇ ಇರಬೇಕೆಂದುಕೊಂಡರು.

"ಏನ್ರೀ, ಅವರೇನಾದ್ರೂ ಬರೆದ್ರಾ?" ಎಂದರು ಅನಸೂಯಾ ಸಂಜೆ, ಕಾಫಿ ಕೊಡುತ್ತಾ.

ಅಳಿಸಿಹಾಕಬಹುದಿತ್ತು. ತಿದ್ದಿ ಓದಬಹುದಿತ್ತು, ತಿದ್ದಿ ಹೇಳುವುದರಲ್ಲಿ ಅವರು ನಿಪುಣರೇ. ಆದರೆ ಮೊಬೈಲನ್ನೇ ಕೊಟ್ಟುಬಿಟ್ಟರು.

ಅನಸೂಯಾ ಓದಿದರು. "ಸರಿಯಾಗೇ ಬರೆದಿದ್ದಾರೆ ಬಿಡಿ. ಅವರು ಕೇಳಿದ್ದು ಅಷ್ಟೇ ಅಲ್ವಾ?"

"ತಪ್ಪಾಯ್ತು ಕಣೇ. ಇನ್ನೊಂದ್ಸಲ ಯಾರಾದ್ರೂ ಬಂದ್ರೆ ನಾನು ಬಾಯೇ ಬಿಡಲ್ಲ. ಯಾಕೆ ಅಂದ್ರೆ…"

ಅನಸೂಯಾ ಮೊಬೈಲನ್ನು ಗಂಡನ ಜೇಬಿಗಿಳಿಸಿ, 'ಯಾಕೆ' ಎಂಬುದನ್ನು ಕೇಳಿಸಿಕೊಳ್ಳದೆ ಒಳಗೆ ಹೋದರು.