ಮಾಚನ ಮೀಸೆ

ಜನ್ಮದಲ್ಲಿ ಮೊಟ್ಟೆ ಮುಟ್ಟದ ಮನುಷ್ಯನೊಬ್ಬ ಶಿರಸಿ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಖಾಲಿ ಮೊಟ್ಟೆ ಟ್ರೇಗಳನ್ನು ಬೇಡಿ ತರುತ್ತಿದ್ದಾನೆಂದರೆ ಊರು ಸುಮ್ಮನಿರುತ್ತದೆಯೇ, ನೀವೇ ಹೇಳಿ. ನಮ್ಮ ಶ್ರೀಪಾದನ ಬೈಕಿನ ಹಿಂದೆ ಆ ಬೂದುಬಣ್ಣದ, ಗುಳಿಗುಳಿ ರಟ್ಟಿನ ಗೋಪುರ ಓಲಾಡುತ್ತ ಸಾಗುವುದನ್ನು ಕಂಡವರೆಲ್ಲ ತಮಗೆ ತೋಚಿದ ಅರ್ಥ ಕಟ್ಟಿದರು. ಅವನ ಅತ್ತಿಗೆಯಂತೂ ಎರಡು ದಿನ ಅವನನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ. ನಿಜಸಂಗತಿ ಇಷ್ಟೇ: ಗಿಟಾರಿನ ಪ್ರಕಾಶ ಇಸಳೂರಿನಲ್ಲಿ ಕಟ್ಟಿಸಿದ ಹೊಸ ಮನೆಯ ಮಹಡಿಯ ಕೋಣೆಯಲ್ಲಿ ನಾವು ಹಾಡು ರೆಕಾರ್ಡ್ ಮಾಡುವವರಿದ್ದೆವು. ಗೋಡೆಗೆ ಮೊಟ್ಟೆ ಟ್ರೇ ಹೊಡೆದರೆ ಸದ್ದು ಮರುದನಿಸುವುದಿಲ್ಲವೆಂದು ಯಾರೋ ಹೇಳಿದ್ದರು.

ನಮ್ಮದು ‘ಸಿಡಿಲು’ ಎಂಬ ತಂಡ. ಹಾಡಲು ಶ್ರೀಪಾದ, ಗಿಟಾರಿಗೆ ಪ್ರಕಾಶ, ಡ್ರಮ್ಸಿಗೆ ನಾನು. ಕಾಲೇಜಿನ ದಿನಗಳಲ್ಲಿ ಹುಟ್ಟಿಕೊಂಡ ಈ ಸಿಡಿಲು ಸಿದ್ದಾಪುರದಿಂದ ಯಲ್ಲಾಪುರದವರೆಗಿನ ಮದುವೆ ಮನೆಗಳಲ್ಲೆಲ್ಲ ಬಡಿದು, ಈಗ ಮಹಡಿ ಹತ್ತುವಾಗ ಕಟಾಂಜನ ಹಿಡಿದುಕೊಳ್ಳುವ ಸ್ಥಿತಿಗೆ ಬಂದಿದೆ. ಅದರ ಮೇಲೆ ಶ್ರೀಪಾದನ ಗಂಟಲಲ್ಲೊಂದು ಗಂಟು. ಇನ್ನು ಹಾಡಿದ್ದು ಸಾಕು, ಮೇಲಿನ ಸ್ವರಗಳನ್ನಂತೂ ಮುಟ್ಟಲೇಬೇಡಿ ಎಂದು ಡಾಕ್ಟರು ಹೇಳಿದ್ದರು. ಇಷ್ಟು ವರ್ಷ ಬೇರೆಯವರ ಹಾಡುಗಳನ್ನೇ ಹಾಡಿದ ನಾವು ಮುಗಿಸುವ ಮೊದಲು ನಮ್ಮ ನೆಲದ ಚರಿತ್ರೆಯನ್ನು ನಮ್ಮದೇ ಮಾತಿನಲ್ಲಿ, ಹಳ್ಳಿಯ ಹಾಡಿನ ಧಾಟಿಗೆ ಗಿಟಾರು ಬೆಸೆದು ಹಾಡಿಬಿಡೋಣವೆಂದು ನಿಶ್ಚಯಿಸಿದೆವು.

ಚರಿತ್ರೆ ಹುಡುಕಿಕೊಂಡು ಹೋದಾಗ ಎಕ್ಕಂಬಿಯಲ್ಲಿ ಒಂದು ಕಲ್ಲು ಸಿಕ್ಕಿತು. ನಿಂತ ಮನುಷ್ಯನಂಥ ಸವೆದ ಶಿಲ್ಪ, ಎದುರಿಗೊಂದು ಹಂದಿ, ಎತ್ತಿ ಹಿಡಿದ ಕತ್ತಿಯಂಥ ಏನೋ ಒಂದು. ಊರವರು ಅದನ್ನು ಮಾಚನ ಕಲ್ಲು ಎನ್ನುತ್ತಿದ್ದರು. ಹಂದಿಯೊಡನೆ ಕಾದಾಡಿ ಸತ್ತವನಂತೆ. ನಮಗೆ ಅಷ್ಟು ಸಾಕಾಯಿತು. ಶ್ರೀಪಾದ ಪದ್ಯ ಕಟ್ಟಿದ. ಮಾಚನಿಗೆ ಕಂಬದಂಥ ತೋಳು ಬಂತು, ಹುರಿಗೊಳಿಸಿದ ಮೀಸೆ ಬಂತು, ಹಳ್ಳದ ಆಚೆ ದಡದಲ್ಲಿ ಕಾಯುವ ನಲ್ಲೆಯೂ ಬಂದಳು. ಮೀಸೆಯ ಸಾಲಿಗೆ ನಾನು ಬಾರಿಸಿದ ಪೆಟ್ಟು ನನ್ನ ಜೀವಮಾನದ ಪೆಟ್ಟುಗಳಲ್ಲೇ ಶ್ರೇಷ್ಠವೆಂದು ಈಗಲೂ ನಂಬಿದ್ದೇನೆ.

ಹಾಡನ್ನು ಮೊದಲು ಎಕ್ಕಂಬಿಯ ಶಾಲೆಯಲ್ಲೇ ಹಾಡಿದೆವು, ಎಡವಟ್ಟಾದದ್ದು ಅಲ್ಲಿ. ಹಾಡು ಮುಗಿಯುವುದರೊಳಗೆ ಗಣಪತಿ ಹೆಗಡೆಯವರು ಎದ್ದು ಮಾಚ ತಮ್ಮ ಮನೆತನದ ಮೂಲಪುರುಷನೆಂದರು. ಬಸಪ್ಪ ಗೌಡರು ಅವರಿಗಿಂತ ಎತ್ತರದ ದನಿಯಲ್ಲಿ, ಆ ಮೀಸೆ ತಮ್ಮ ಅಜ್ಜನಿಗೂ ಇತ್ತೆಂದರು. ನಾವು ಕಟ್ಟಿದ ಮೀಸೆ! ಆಲ್ಬಮ್ಮಿನ ಹೊದಿಕೆಯ ಮೇಲೆ ಯಾವ ಮನೆತನದ ಹೆಸರು ಅಚ್ಚಾಗಬೇಕೆಂಬ ವ್ಯಾಜ್ಯ ವಾರಗಟ್ಟಲೆ ನಡೆಯಿತು. ಒಬ್ಬರ ಮನೆಯಲ್ಲಿ ಊಟ ಮಾಡಿದರೆ ಇನ್ನೊಬ್ಬರಿಗೆ ಸಿಟ್ಟು, ಹಾಗಾಗಿ ಒಂದೇ ಮಧ್ಯಾಹ್ನ ಎರಡೂ ಕಡೆ ಉಂಡೆವು.

ಕೊನೆಗೆ ಇಬ್ಬರೂ ಒಪ್ಪಿ ಶಿರಸಿಯ ಸುಮಿತ್ರಕ್ಕನನ್ನು ಕರೆಸಿದರು. ಅವರು ನಿವೃತ್ತ ಕನ್ನಡ ಟೀಚರು, ಹಳೆಯ ಲಿಪಿ ಓದಬಲ್ಲವರು. ಕಲ್ಲನ್ನು ತೊಳೆಸಿ, ಬಿಸಿಲು ಓರೆಯಾಗುವವರೆಗೆ ಕಾದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೂತರು.

“ಮಾಚ ಹೇಳಿ ಇದ್ದು, ಅದು ಖರೆ,” ಎಂದರು ಅಕ್ಷರಗಳ ಮೇಲೆ ಬೆರಳಾಡಿಸುತ್ತ. “ಅದ್ರ ಮುಂದೆ ನಾಯ್ ಹೇಳಿ ಇದ್ದು.”

“ನಾಯಕ ಆಗಿಕ್ಕು,” ಎಂದರು ಹೆಗಡೆಯವರು ಆತುರದಿಂದ. “ಕ ಸವೆದು ಹೋಯ್ದು.”

“ಕ ಇಲ್ಲೆ, ಗಣಪತಿ. ತಲೆ ಮೇಲೆ ನೆಟ್ಟಗೆ ಎರಡು ಕಿವಿ ಇದ್ದು ನೋಡು. ನಿಂಗ ಕತ್ತಿ ಅಂದ್ಕಂಡಿದ್ದು ಬಾಲ.”

ಎಲ್ಲರೂ ಬಗ್ಗಿ ನೋಡಿದೆವು. ಒಮ್ಮೆ ನಾಯಿಯಾಗಿ ಕಂಡ ಮೇಲೆ ಅದು ಮತ್ತೆ ಮನುಷ್ಯನಾಗಲು ಸುತಾರಾಂ ಒಪ್ಪಲಿಲ್ಲ. ಮೊದಲು ಚೇತರಿಸಿಕೊಂಡವರು ಗೌಡರು.

“ಹೆಗಡೇರ, ನಿಮ್ಮ ಮೂಲಪುರುಷನ್ನ ನೀವೇ ಇಟ್ಕೊಳ್ರಿ. ನಮ್ಮದೇನೂ ತಕರಾರಿಲ್ಲ.”

“ಛೆ ಛೆ, ಅವ ನಿಂಗಳವನೇ ಹೇಳಿ ಯಂಗೆ ಮೊದ್ಲಿಂದ್ಲೂ ಅನ್ಸ್ತಿತ್ತು.”

ಇಬ್ಬರೂ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತ ಬಿಟ್ಟುಕೊಡುತ್ತ ಹಿಂದೆ ಸರಿದು ಮನೆ ಸೇರಿದರು. ನಗದೆ ಉಳಿದವನು ಶ್ರೀಪಾದನೊಬ್ಬನೇ. ಬೈಕ್ ಹತ್ತುವ ಮುನ್ನ ನನ್ನ ಮುಖ ನೋಡದೆ, “ಆನು ಹಾಡ್ತ್ನಿಲ್ಲೆ,” ಎಂದ.

ಹತ್ತು ದಿನ ಅವನು ಇಸಳೂರಿನತ್ತ ಸುಳಿಯಲಿಲ್ಲ. ನಾನೇ ಅವನ ಮನೆಗೆ ಹೋದೆ.

“ಕಡೇ ಹಾಡು ಮಾರಾಯ,” ಎಂದ, ಬಿಸಿನೀರು ಗುಟುಕರಿಸುತ್ತ. “ವೀರನ ಹಾಡು ಹಾಡಿ ಮುಗಿಸ್ತೆ ಅಂದ್ಕಂಡಿದ್ದಿ ಆನು. ನಾಯಿಗೆ ಮೀಸೆ ತೀಡ್ತಾ ಕೂತಿದ್ನಲ! ಬಾಯಿ ತೆಗೆದ್ರೆ ಯಂಗೇ ನಾಚಿಕೆ ಬತ್ತು.”

ಸುಮಿತ್ರಕ್ಕ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದೊಂದನ್ನು ಸುಮ್ಮನೆ ಹೇಳಿದೆ: ಕಲ್ಲಿನ ಕೊನೆಯ ಸಾಲಿನಲ್ಲಿ ಅದನ್ನು ನಿಲ್ಲಿಸಿದವನ ಮಾತಿದೆ, ಆದರೆ ಹೆಸರಿರುವ ಜಾಗವೇ ಚಕ್ಕೆಯೆದ್ದು ಹೋಗಿದೆ.

“ಹೆಸರೇ ಇಲ್ಯಾ?”

“ಇಲ್ಲ. ನಾಯಿ ಹೆಸರು ಉಳಿದಿದೆ, ಅವನದು ಹೋಗಿದೆ.”

ಶ್ರೀಪಾದ ಲೋಟ ಕೆಳಗಿಟ್ಟು ಪದ್ಯದ ಹಾಳೆಯನ್ನು ಎಳೆದುಕೊಂಡ. ನಾನೂ ಯೋಚಿಸಿದೆ. ರಾಜರಿಗೆ ಕಲ್ಲು ನಿಲ್ಲಿಸುವುದು ಆಸ್ಥಾನದ ರೂಢಿ. ವೀರರಿಗೆ ನಿಲ್ಲಿಸುವುದು ಊರಿನ ರೂಢಿ. ಆದರೆ ಒಂದು ನಾಯಿ ಸತ್ತಿತೆಂದು ಕಲ್ಲುಕುಟಿಗನ ಎದುರು ಹೋಗಿ ನಿಂತು, ಬಾಲ ಹೀಗಿತ್ತು, ಕಿವಿ ಹೀಗಿತ್ತು ಎಂದು ಕೈಯಲ್ಲಿ ತೋರಿಸಿದವನೊಬ್ಬ ಇದ್ದನಲ್ಲ! ಅವನನ್ನು ನೋಡಿ ಅಂದೂ ಊರು ನಕ್ಕಿರಬೇಕು. ಚರಿತ್ರೆಯೆಂದು ನಾವು ಹುಡುಕಿಕೊಂಡು ಹೋದದ್ದು ತೋಳು-ಕತ್ತಿಗಳನ್ನು; ಸಿಕ್ಕಿದ್ದು ಒಬ್ಬನ ಅಳು.

ಮಾರನೆಯ ದಿನ ಬೆಳಿಗ್ಗೆ ಶ್ರೀಪಾದ ಇಸಳೂರಿಗೆ ಬಂದ. ಮೀಸೆ, ತೋಳು, ನಲ್ಲೆ ಎಲ್ಲವನ್ನೂ ಹೊಡೆದುಹಾಕಿದ್ದ. ಉಳಿದದ್ದು ಬರಿಯ ಕರೆ: ಕತ್ತಲಾಗುವ ಮುನ್ನ ಮನೆಯ ಅಂಗಳದಲ್ಲಿ ನಿಂತವನೊಬ್ಬ ನಾಯಿಯನ್ನು ಕೂಗುತ್ತಾನೆ, ಅದು ಬರುವುದಿಲ್ಲ, ಮತ್ತೆ ಕೂಗುತ್ತಾನೆ. ಮೇಲಿನ ಸ್ವರ ಒಂದೂ ಇರಲಿಲ್ಲ. ಗಂಟುಬಿದ್ದ ಆ ಗಂಟಲಿನಿಂದ “ಮಾಚಾ...” ಎಂಬುದು ಒಡೆದೊಡೆದು ಬಂದಾಗ ನನ್ನ ಕೋಲುಗಳು ತಾವೇ ಮೆತ್ತಗಾದವು. ಅಷ್ಟರಲ್ಲಿ ಮೊಟ್ಟೆ ಟ್ರೇಗಳನ್ನೆಲ್ಲ ಲೆಕ್ಕಿಸದೆ ಹೊರಗಿನ ದನಿಗಳು ಒಳನುಗ್ಗಿದವು. ಓಣಿಯ ನಾಯಿಗಳೆಲ್ಲ ಗೇಟಿನ ಮುಂದೆ ಸೇರಿ ಓಗೊಡುತ್ತಿದ್ದವು.

ಪ್ರಕಾಶ ತಲೆ ಹಿಡಿದುಕೊಂಡು, “ಇನ್ನೊಂದ್ಸಲ ಹಾಡೋದಾ?” ಎಂದ.

“ಬ್ಯಾಡ, ಇರ್ಲಿ,” ಎಂದ ಶ್ರೀಪಾದ. “ಕರೆದಿದ್ದಕ್ಕೆ ಅವಾದ್ರೂ ಬಂದ್ವಲ.”

ಆಲ್ಬಮ್ಮಿನಲ್ಲಿ ಅವು ಹಾಗೆಯೇ ಇವೆ. ಹೊದಿಕೆಯ ಮೇಲೆ ಯಾವ ಮನೆತನದ ಹೆಸರೂ ಇಲ್ಲ. ಬಿಡುಗಡೆಗೆ ಎಕ್ಕಂಬಿಗೇ ಹೋದೆವು. ಜನ ನಗಲೆಂದೇ ಬಂದಿದ್ದರು. ಶ್ರೀಪಾದ ಮೂರನೆಯ ಸಲ ಕೂಗುವ ಹೊತ್ತಿಗೆ ನಗು ಎಲ್ಲೋ ತಪ್ಪಿಸಿಕೊಂಡಿತ್ತು. ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಹಾಡು ನಿಂತ ಕೂಡಲೇ ಬಸಪ್ಪ ಗೌಡರು ಎದ್ದರು.

“ಒಂದ್ ಮಾತ್ರೀ. ಆ ನಾಯಿ ಸಾಕಿದ್ದು ನಮ್ಮನ್ಯಾಗ. ನಮ್ಮ ಅಜ್ಜ ಹೇಳಿದ್ದು ನೆನಪೈತಿ.”

“ಅದು ಹೆಂಗಾಗ್ತು?” ಹೆಗಡೆಯವರೂ ಎದ್ದರು. “ಹಂದಿ ಬಂದಿದ್ದು ಯಂಗಳ ತೋಟಕ್ಕೆ. ಕಾಯ್ತಿದ್ದ ನಾಯಿ ನಿಂಗಳದ್ದು ಹೆಂಗಾಗ್ತು?”

ಸಭೆ ಎರಡಾಗಿ ಎದ್ದು ನಿಂತಿತು. ಪ್ರಕಾಶ ಗಿಟಾರನ್ನು ಚೀಲಕ್ಕೆ ತುರುಕತೊಡಗಿದ. ಶ್ರೀಪಾದ ಮಾತ್ರ ಮೈಕಿನ ಮುಂದಿನಿಂದ ಕದಲಿರಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು. ದನಿ ಪೂರ್ತಿ ಹೋಗಿ ಬರಿಯ ಉಸಿರು ಉಳಿದಿತ್ತು. ಆ ಉಸಿರಿನಲ್ಲೇ ಅವನು ಮೈಕಿಗೆ ಹೇಳಿದ್ದು ಶಾಲೆಯ ಅಂಗಳಕ್ಕೆಲ್ಲ ಕೇಳಿಸಿತು.

“ಸುಮ್ನಿರಿ. ಅದು ಯನ್ನ ನಾಯಿ.”

ಹೆಗಡೆಯವರು ಗೌಡರನ್ನು ನೋಡಿದರು, ಗೌಡರು ಹೆಗಡೆಯವರನ್ನು ನೋಡಿದರು. ಆಮೇಲೆ ಇಬ್ಬರೂ ಕೂತುಕೊಂಡರು.