ಕಪಾಟಿನ ಠರಾವು

ಆ ಠರಾವನ್ನು ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೂಡಲಗಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಹುಕ್ಕೇರಿಯಲ್ಲಿ ಸಣ್ಣದೊಂದು ಮುದ್ರಣಾಲಯವಿತ್ತು. ಅದರ ಮಾಲೀಕರನ್ನು ಕಾಕಾ ಎನ್ನುತ್ತಿದ್ದೆ. ಇಬ್ಬರೂ ಸೇರಿ ಕನ್ನಡ ಟೈಪ್ ಮಾಡುವ ಪ್ರೋಗ್ರಾಂ ಒಂದನ್ನು ಮಾಡಿದ್ದೆವು. ಅಕ್ಷರಗಳ ರೂಪ ಅವರದು, ಕೋಡ್ ನನ್ನದು. ಕೋಡನ್ನೂ ಜೊತೆಗೇ ಕೊಟ್ಟು, ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು ಎಂದು ಬರೆದಿದ್ದೆವು.

ರವಿವಾರ ಗೋಕಾಕದ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ನಮ್ಮ ಭೇಟಿ. ಅವರು ಗ್ರಾಫ್ ಹಾಳೆಯ ಮೇಲೆ ಅಕ್ಷರ ಬರೆದು ತರುತ್ತಿದ್ದರು. ನಾನು ಫ್ಲಾಪಿ ಕೊಡುತ್ತಿದ್ದೆ.

“ಮಾಸ್ತರ, ಈ ‘ಳ’ ನೋಡ್ರಿ, ಹೊಟ್ಟಿನೋವು ಬಂದವ್ರಂಗ ಬಗ್ಗೇತಿ.”

“ನೀವ ಬರದದ್ದು ಕಾಕಾ.”

“ನಾ ನೆಟ್ಟಗ ಬರದಿದ್ದೆ. ನಿಮ್ಮ ಕಂಪ್ಯೂಟರ ಅದಕ್ಕ ಏನೋ ಹಳಸಿದ್ದ ತಿನಿಸೇತಿ.”

ಇಬ್ಬರೂ ಒಪ್ಪಿದರೆ ಬದಲಾವಣೆ, ಒಪ್ಪದಿದ್ದರೆ ಇನ್ನೊಂದು ಚಹಾ. ಬೇರೆ ನಿಯಮ ನಮಗಿರಲಿಲ್ಲ. ಅಷ್ಟು ಹಗುರಾಗಿ ಮತ್ತೆಲ್ಲೂ ನಾನು ಕೆಲಸ ಮಾಡಿಲ್ಲ.

ಆಗ ದೊಡ್ಡ ಊರಿನ ಒಂದು ಸಂಸ್ಥೆ ಈ ಕೆಲಸಕ್ಕೆ ಎರಡು ವರ್ಷದ ಖರ್ಚು ಕೊಡಲು ಮುಂದೆ ಬಂತು. ಆದರೆ ನೋಂದಣಿಯಾದ ಸಂಘಕ್ಕೆ ಮಾತ್ರ. ನಾನು ಮೂಡಲಗಿಯ ವಾಚನಾಲಯದ ಸದಸ್ಯ. ಅದರ ಅಧ್ಯಕ್ಷರಾಗಿದ್ದ ಬಟ್ಟೆ ಅಂಗಡಿಯ ಸಾವಕಾರರು ಹಣವನ್ನು ವಾಚನಾಲಯದ ಹೆಸರಿನಲ್ಲಿ ಪಡೆಯಲು ಒಪ್ಪಿದರು.

“ನಾಳೆ ರೊಕ್ಕದ ಲೆಕ್ಕ ಕೇಳಾವ್ರು ನಮ್ಮನ್ನ ಕೇಳ್ತಾರ. ಒಂದು ಠರಾವು ಬರ್ಕೊಂಡು ಬರ್ರಿ ಮಾಸ್ತರ,” ಅಂದರು.

ಠರಾವು ಬರೆಯುವುದು ನನಗೆ ಗೊತ್ತಿರಲಿಲ್ಲ. ಹಳೆಯ ನಡಾವಳಿ ಪುಸ್ತಕದಲ್ಲಿ ಕಪಾಟುಗಳ ಬಗ್ಗೆ ಒಂದು ಸಿಕ್ಕಿತು: ‘ಸದರಿ ಕಪಾಟುಗಳಲ್ಲಿ ಸಮಿತಿಯ ಮಂಜೂರಾತಿಯಿಲ್ಲದೆ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ.’ ‘ಕಪಾಟು’ ಎಂಬ ಪದ ತೆಗೆದು ‘ಪ್ರೋಗ್ರಾಂ’ ಎಂದು ಸೇರಿಸಿದೆ.

ಸಭೆಯ ದಿನ ಕಾಕಾ ಬಂದಿದ್ದರು. ಊರಿನಲ್ಲಿ ವಾಸ ಇರುವವರಷ್ಟೇ ಸದಸ್ಯರು; ಹಾಗಾಗಿ ಅವರು ಹೊರಗಿನ ಬೆಂಚಿನ ಮೇಲೆ ಕೂತರು. ಒಳಗೆ ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಖುಷಿಯಿಂದ ನಡಾವಳಿ ಪುಸ್ತಕವನ್ನು ಹೊರಗೆ ತಂದು ತೋರಿಸಿದೆ. ಕಾಕಾ ಚಷ್ಮಾ ಹಾಕಿಕೊಂಡು ಎರಡು ಸಲ ಓದಿದರು.

“ಹಂಗಾರ ಒಂದು ಒತ್ತಕ್ಷರ ಸರಿಸಬೇಕಂದ್ರೂ ನಾ ಇವ್ರನ್ನ ಕೇಳಬೇಕು?”

“ಬರೇ ಕಾಗದದ ಮಾತು ಕಾಕಾ.”

“ಕಾಗದದ ಮ್ಯಾಲ ಅಚ್ಚ ಹಾಕಾವ್ಗ ಹಂಗ ಹೇಳಬ್ಯಾಡ್ರಿ.” ಮತ್ತೆ ಕೇಳಿದರು: “ಯಾರ ಬೇಕಾದ್ರೂ ನಕಲ ಮಾಡಿ ತಿದ್ದಬಹುದು ಅಂತ ಬರದೀವಲ್ಲ, ಅದು ಇನ್ನೂ ಖರೆ ಐತಿ?”

“ಐತ್ರಿ.”

“ಹಂಗಾರ ನನ್ನ ಪ್ರತಿ ನಾ ತಿದ್ದಕೋತೇನಿ.”

ಫ್ಲಾಪಿಯನ್ನು ಕಿಸೆಯಲ್ಲಿಟ್ಟುಕೊಂಡು ಬಸ್ಸಿಗೆ ನಡೆದರು. ಮುಂದಿನ ರವಿವಾರ ಗೋಕಾಕದಲ್ಲಿ ಹುಕ್ಕೇರಿಯ ಮೂರು ಬಸ್ಸು ಬಂದು ಖಾಲಿಯಾಗುವುದನ್ನು ನೋಡಿದೆ; ಕಾಕಾ ಇಳಿಯಲಿಲ್ಲ.

ಕೆಲವು ತಿಂಗಳ ನಂತರ ಗೋಕಾಕದ ಅಂಗಡಿಯೊಂದರಲ್ಲಿ ಕಾಕಾ ತಿದ್ದಿದ ಪ್ರತಿ ಸಿಕ್ಕಿತು. ಅಕ್ಷರಗಳು ನಮ್ಮವಕ್ಕಿಂತ ಎಷ್ಟೋ ಚೆನ್ನಾಗಿದ್ದವು. ಅವನ್ನು ನಮ್ಮ ಪ್ರತಿಗೆ ತೆಗೆದುಕೊಳ್ಳಲು ಮಂಜೂರಾತಿ ಬೇಕಲ್ಲ, ಸಮಿತಿಯ ಮುಂದಿಟ್ಟೆ.

“ತಿದ್ದಿದವ್ರು ಯಾರು?” ಅಧ್ಯಕ್ಷರು ಕೇಳಿದರು.

“ಸಾವಕಾರ್ರ, ಅವತ್ತ ಹೊರಗ ಬೆಂಚಿನ ಮ್ಯಾಲ ಕುಂತಿದ್ರಲ್ಲ, ಅವರು.”

ಅಧ್ಯಕ್ಷರು ಠರಾವು ತರಿಸಿ ಓದಿದರು. “ಅಲ್ರಿ ಮಾಸ್ತರ, ನಾವು ಅರಿಬಿ ಮಾರಾವ್ರು. ರೊಕ್ಕದ ಲೆಕ್ಕ, ಪಾವತಿ ಇಟ್ರ ಸಾಕಿತ್ತು ನಮಗ. ಈ ಸಾಲು ಬರಿ ಅಂತ ಯಾರ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಅಂದೇ ಆ ಸಾಲನ್ನು ಹೊಡೆದುಹಾಕಿದರು.

ಹುಕ್ಕೇರಿಗೆ ಹೋಗಿ ಹೇಳಿದೆ. ಕಾಕಾ ಲಗ್ನಪತ್ರಿಕೆಯ ಪ್ರೂಫ್ ನೋಡುತ್ತಿದ್ದರು. “ಚಲೋ ಆತು,” ಅಂದರು.

“ರವಿವಾರ ಗೋಕಾಕಕ್ಕ ಬರ್ತೀರೇನ್ರಿ?”

“ರವಿವಾರ ಈಗ ನಾಕು ಪ್ರೆಸ್ಸಿನವ್ರು ಇಲ್ಲೇ ಕೂಡ್ತಾರ. ಅವ್ರನ್ನ ಬಿಟ್ಟ ಹೆಂಗ ಬರ್ಲಿ? ನೀವ ಬರ್ರಿ. ಆದ್ರ ಏನ ತಿದ್ದಬೇಕಂದ್ರೂ ಎಲ್ಲಾರೂ ಒಪ್ಪಬೇಕು ನೋಡ್ರಿ.”

ಹೋದೆ. ನನ್ನ ಮೊದಲ ಸಲಹೆಯನ್ನು ಆ ನಾಲ್ವರೂ ಒಪ್ಪಲಿಲ್ಲ. ಕಾಕಾ ಕೂಡ ಒಪ್ಪಲಿಲ್ಲ. ನನ್ನ ಕಡೆ ಇನ್ನೊಂದು ಚಹಾದ ಕಪ್ ಸರಿಸಿದರು.